ನ್ಯಾಯಪೀಠವೂ ಬೋಧಪೀಠವೂ

ಬೆಂಗಳೂರಿನಿಂದ ಮೈಸೂರಿನ ಹಾದಿ ಹಿಡಿದು ಹೊರಟವರಿಗೆ, ಗಾಳಿ ಆಂಜನೇಯನ ಗುಡಿಯನ್ನು ದಾಟಿದ ಬಳಿಕ ನಾಯಂಡಹಳ್ಳಿ ಎದುರಾಗುತ್ತದೆ. ಒಂದು ಕಾಲಕ್ಕೆ ಅದು ಊರಾಚೆಯ ಹಳ್ಳಿ. ಈಗಲಾದರೆ ಮೈಸೂರು ರಸ್ತೆಯೂ ನಗರವನ್ನು ಬಳಸಿ ಬರುವ ವರ್ತುಲ ರಸ್ತೆಯೂ ಕೂಡುವ, ಹಗಲಿರುಳೂ ಗಾಡಿಗಳು ನಿಲ್ಲದೆ ಓಡುವ ಜನಸಂದಣಿಯ ಸ್ಥಳ. ಅದರ ಆಸುಪಾಸಿನಲ್ಲಿ ಎರಡು ಸಂಗತಿಗಳನ್ನು ನಾವು ಗಮನಿಸಬೇಕು. ಒಂದು ವೃಷಭಾವತಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟಿತೆಂದು ಹಿರಿಯರು ಹೇಳುವ ಆ ಹೊಳೆ ಇಲ್ಲಿ ಕಪ್ಪಾಗಿ ನೊರೆಗಟ್ಟಿ ಕೆಂಗೇರಿಯ ಕಡೆಗೆ ಸಾಗುತ್ತದೆ. ಮತ್ತೊಂದು, ಅಲ್ಲಿಗೆ ಸಮೀಪದ ನಾಗರಭಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲು. ದೇಶದ ನಾನಾ ಭಾಗಗಳಿಂದ ಬಂದ ತರುಣ ತರುಣಿಯರು ಅಲ್ಲಿ ಐದು ವರ್ಷ ನ್ಯಾಯಶಾಸ್ತ್ರವನ್ನು ಅಭ್ಯಾಸಮಾಡುತ್ತಾರೆ.

ಒಂದು ಕೊಳೆತ ಹೊಳೆಗೂ ಒಂದು ವಿದ್ಯಾಲಯಕ್ಕೂ ಏನು ಸಂಬಂಧ ಎಂದು ಕೇಳುವವರು ಕೇಳಬಹುದು. ಕನ್ನಡ ನಾಡಿನವರೇ ಆದ ಒಬ್ಬ ಹಿರಿಯ ನ್ಯಾಯಾಧಿಪತಿಗಳ ಜೀವಿತವನ್ನು ನೋಡಿದರೆ ಆ ಸಂಬಂಧ ತಾನಾಗಿಯೇ ತಿಳಿಯುತ್ತದೆ. ಅವರು 1989ರಲ್ಲಿ ಭಾರತದ ಮುಖ್ಯ ನ್ಯಾಯಾಧಿಪತಿಗಳಾಗಿದ್ದ ಎಂಗಲಗುಪ್ಪೆ ಸೀತಾರಾಮಯ್ಯ ವೆಂಕಟರಾಮಯ್ಯನವರು.

ಮೊದಲು ಒಂದು ಸಾಮಾನ್ಯವಾದ ಪ್ರಶ್ನೆಯನ್ನು ಎತ್ತಿಕೊಳ್ಳೋಣ. ನ್ಯಾಯಾಧಿಪತಿಯ ಕೆಲಸವೇನು? ವಾದಿ ಪ್ರತಿವಾದಿಗಳಿಬ್ಬರ ಮಾತನ್ನೂ ಕೇಳಿ, ಯಾರು ಗೆದ್ದರು, ಯಾರು ಸೋತರು ಎಂದು ಹೇಳುವುದು. ಇದು ಎಲ್ಲರೂ ಬಲ್ಲ ಉತ್ತರ. ಆದರೆ ಅಷ್ಟೇ ಆಗಿದ್ದರೆ ತೀರ್ಪಿಗೆ ಒಂದು ಸಾಲು ಸಾಕಾಗುತ್ತಿತ್ತು. ನೂರಾರು ಪುಟ ಬರೆಯುವುದೇತಕ್ಕೆ? ಏತಕ್ಕೆಂದರೆ, ಸೋತವನಿಗೆ ತಾನು ಸೋತದ್ದು ಏಕೆಂದು ತಿಳಿಯಬೇಕು. ನಾಳೆ ಅಂಥದೇ ವ್ಯಾಜ್ಯ ಬಂದಾಗ ಬೇರೊಬ್ಬ ನ್ಯಾಯಾಧಿಪತಿಗೆ ದಾರಿ ಕಾಣಬೇಕು. ಕಟಕಟೆಯನ್ನೇ ಕಾಣದ ಸಾಮಾನ್ಯ ಪ್ರಜೆಗೂ ತನ್ನ ಹಕ್ಕೇನು, ತನ್ನ ಹೊಣೆಯೇನು ಎಂಬುದು ಗೊತ್ತಾಗಬೇಕು. ನಮ್ಮ ರಾಜ್ಯಾಂಗದ 141ನೆಯ ವಿಧಿಯ ಪ್ರಕಾರ ಸುಪ್ರೀಂ ಕೋರ್ಟು ಸಾರಿದ ನ್ಯಾಯವು ದೇಶದ ಎಲ್ಲ ನ್ಯಾಯಾಲಯಗಳನ್ನೂ ಕಟ್ಟುತ್ತದೆ. ಆದುದರಿಂದ ಆ ಪೀಠದಲ್ಲಿ ಕುಳಿತವರು ಬಯಸಲಿ ಬಯಸದಿರಲಿ, ಉಪಾಧ್ಯಾಯರೇ ಆಗಿರುತ್ತಾರೆ. ಗೆಲವು ಸೋಲು ಇಬ್ಬರದು. ಕಾರಣದ ಪಾಠ ಎಲ್ಲರದು. ವೆಂಕಟರಾಮಯ್ಯನವರು ಈ ಎರಡನೆಯ ಕರ್ತವ್ಯವನ್ನು ಚೆನ್ನಾಗಿ ಅರಿತವರು.

ಅವರು ಹುಟ್ಟಿದ್ದು 1924ನೆಯ ಇಸವಿ ಡಿಸೆಂಬರ್ 18ರಂದು. ಊರು ಮಂಡ್ಯದ ಸೀಮೆಯಲ್ಲಿ, ಹಿಂದೆ ಹಿರೋಡೆಯೆಂದೂ ಫ್ರೆಂಚ್ ರಾಕ್ಸ್ ಎಂದೂ ಹೆಸರಾಗಿದ್ದ ಪಾಂಡವಪುರದ ಕಡೆಯ ಎಂಗಲಗುಪ್ಪೆ. 1946ರಲ್ಲಿ ವಕೀಲಿಯನ್ನು ಕೈಗೊಂಡರು. ಆಗ ಇದು ಮಹಾರಾಜರ ಸಂಸ್ಥಾನ. ಬೆಂಗಳೂರಿನ ಸರಕಾರಿ ಲಾ ಕಾಲೇಜು ಇನ್ನೂ ಹುಟ್ಟಿರಲಿಲ್ಲ, ಅದು ಬಂದದ್ದು 1948ರಲ್ಲಿ. ಅವರು ವೃತ್ತಿಗೆ ಇಳಿದ ಮರುವರ್ಷವೇ ದೇಶಕ್ಕೆ ಸ್ವಾತಂತ್ರ್ಯ ಬಂದಿತು. 1950ರಲ್ಲಿ ರಾಜ್ಯಾಂಗ ಜಾರಿಗೆ ಬಂದಿತು. 1956ರಲ್ಲಿ ಕನ್ನಡ ಸೀಮೆಗಳು ಒಂದಾದುವು. ಹಳೆಯ ಸಂಸ್ಥಾನದ ಕಾನೂನನ್ನು ಕಲಿತವರು ಹೊಸ ಗಣರಾಜ್ಯದ ಕಾನೂನನ್ನು ತಾವೇ ಓದಿ ಅರ್ಥಮಾಡಿಕೊಳ್ಳಬೇಕಾಗಿದ್ದ ಕಾಲವದು. 1970ರಲ್ಲಿ ಅವರು ರಾಜ್ಯದ ಅಡ್ವೊಕೇಟ್ ಜನರಲ್ ಆದರು. ಅದೇ ವರ್ಷ ಹೈಕೋರ್ಟಿನ ನ್ಯಾಯಾಧಿಪತಿಗಳಾದರು. 1979ರ ಮಾರ್ಚಿ 8ರಂದು ಸುಪ್ರೀಂ ಕೋರ್ಟಿಗೆ ಹೋದರು.

ಅಲ್ಲಿಂದ ಮುಖ್ಯ ನ್ಯಾಯಾಧಿಪತಿಯ ಪದವಿಗೆ ದಾರಿ ಹೇಗೆಂಬುದನ್ನು ಸ್ವಲ್ಪ ವಿವರಿಸಬೇಕು. ಇರುವವರಲ್ಲಿ ಹಿರಿಯರಾದವರಿಗೆ ಆ ಸ್ಥಾನವೆಂಬುದು ವಾಡಿಕೆ. ಆ ವಾಡಿಕೆ ತಪ್ಪಿದ್ದೂ ಉಂಟು. 1973ರಲ್ಲಿ ಮೂವರು ಹಿರಿಯರನ್ನು ಬದಿಗಿಟ್ಟು ಕಿರಿಯರೊಬ್ಬರನ್ನು ನೇಮಿಸಿದಾಗ, ರಾಜೀನಾಮೆಯನ್ನಿತ್ತು ಹೊರಬಂದ ಮೂವರಲ್ಲಿ ನಮ್ಮ ಹೈಕೋರ್ಟಿನಿಂದ ಹೋಗಿದ್ದ ಕೆ. ಎಸ್. ಹೆಗ್ಡೆಯವರೂ ಒಬ್ಬರು. ವೆಂಕಟರಾಮಯ್ಯನವರ ಸರದಿಯಲ್ಲಿ ವಾಡಿಕೆಯೇ ನಡೆಯಿತು. ಅವರ ಹಿಂದಿನವರಾದ ಆರ್. ಎಸ್. ಪಾಠಕರು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ತೆರಳಿದುದರಿಂದ 1989ರ ಜೂನ್ 19ರಂದು ಪದವಿ ಇವರಿಗೆ ಬಂದಿತು. ಸುಪ್ರೀಂ ಕೋರ್ಟಿನವರಿಗೆ ಅರವತ್ತೈದು ತುಂಬಿದ ದಿನ ನಿವೃತ್ತಿ. ಆದುದರಿಂದ ಡಿಸೆಂಬರ್ 17ಕ್ಕೆ ಅವರ ಅಧಿಕಾರ ಮುಗಿಯಿತು. ಹೆಚ್ಚುಕಡಿಮೆ ಆರು ತಿಂಗಳು. ಕರ್ನಾಟಕದ ಹೈಕೋರ್ಟಿನಿಂದ ಹೋಗಿ ಆ ಪೀಠವನ್ನೇರಿದವರಲ್ಲಿ ಅವರೇ ಮೊದಲಿಗರು. ಆದರೆ ಅವರ ಹೆಸರು ನಿಂತಿರುವುದು ಆ ಆರು ತಿಂಗಳಿನಿಂದಲ್ಲ. ಅದಕ್ಕೆ ಹಿಂದಿನ ಹತ್ತು ವರ್ಷಗಳಲ್ಲಿ ಅವರು ಬರೆದ ತೀರ್ಪುಗಳಿಂದ.

ಅವುಗಳಲ್ಲಿ ಒಂದು 1984ರ ಡಿಸೆಂಬರಿನಲ್ಲಿ ಬಂದ ವೃತ್ತಪತ್ರಿಕೆಗಳ ತೀರ್ಪು. ಹೊರದೇಶದಿಂದ ತರಿಸುವ ಪತ್ರಿಕಾ ಕಾಗದದ ಮೇಲೆ ಸರಕಾರವು 1981ರಲ್ಲಿ ನೂರಕ್ಕೆ ಹದಿನೈದರಂತೆ ಸುಂಕವನ್ನು ಹಾಕಿತ್ತು. ಇಂಡಿಯನ್ ಎಕ್ಸ್‌ಪ್ರೆಸ್ ಮುಂತಾದ ಪತ್ರಿಕೆಯವರು, ಇದರಿಂದ ಪತ್ರಿಕೆಯ ಬೆಲೆ ಏರುತ್ತದೆ, ಓದುವವರು ಕಡಿಮೆಯಾಗುತ್ತಾರೆ, ವಾಕ್ ಸ್ವಾತಂತ್ರ್ಯಕ್ಕೆ ಕುಂದಾಗುತ್ತದೆ ಎಂದು ಮೊರೆಯಿಟ್ಟರು. ಸರಕಾರವು, ಎಲ್ಲರಂತೆ ಪತ್ರಿಕೆಯವರೂ ತೆರಿಗೆ ಕೊಡತಕ್ಕವರೇ ಎಂದಿತು. ಎರಡು ಮಾತುಗಳಲ್ಲಿಯೂ ಸತ್ಯವಿತ್ತು, ಕಷ್ಟವಿದ್ದುದೇ ಅಲ್ಲಿ.

ಮೂವರ ಪೀಠದ ಪರವಾಗಿ ವೆಂಕಟರಾಮಯ್ಯನವರು ಬರೆದುದರ ಸಾರವಿಷ್ಟು: ಪತ್ರಿಕೆಗೆ ತೆರಿಗೆಯಿಂದ ಪೂರ್ತಿ ವಿನಾಯಿತಿ ಇಲ್ಲ. ಆದರೆ ಕಾಗದವು ಪತ್ರಿಕೆಗೆ ಉಸಿರು. ಪ್ರಜೆಗಳು ವಿವೇಕದಿಂದ ಮತ ಹಾಕಬೇಕಾದರೆ ಅವರಿಗೆ ಸುದ್ದಿಯೂ ಅಭಿಪ್ರಾಯವೂ ಮುಟ್ಟಬೇಕು. ಅದನ್ನು ಮುಟ್ಟಿಸುವ ಸಾಧನಕ್ಕೆ ತೆರಿಗೆ ಹಾಕುವಾಗ ಸರಕಾರವು ಬೇರೆ ಸರಕಿಗೆ ಹಾಕುವ ಹಾಗೆ ಕಣ್ಣುಮುಚ್ಚಿ ಹಾಕಲಾಗದು; ಹೊರೆ ಎಷ್ಟು, ತಾಳಬಲ್ಲವರು ಯಾರು, ತಾಳಲಾರದ ಸಣ್ಣ ಪತ್ರಿಕೆಗಳ ಗತಿಯೇನು ಎಂಬುದನ್ನು ವಿಚಾರಿಸಬೇಕು. ಇಂಗ್ಲೆಂಡಿನಲ್ಲಿ ಪತ್ರಿಕೆಗಳ ಮೇಲಣ ಮುದ್ರಾಸುಂಕವೂ ಕಾಗದದ ಸುಂಕವೂ ಜ್ಞಾನದ ಮೇಲಣ ತೆರಿಗೆಯೆಂದು ನಿಂದೆಗೊಳಗಾಗಿ, ಒಂದು 1855ರಲ್ಲಿಯೂ ಮತ್ತೊಂದು 1861ರಲ್ಲಿಯೂ ರದ್ದಾದ ಇತಿಹಾಸವನ್ನು ಇಲ್ಲಿ ನೆನೆಯಬೇಕು. ಕೊನೆಗೆ ಕೊಟ್ಟ ಅಪ್ಪಣೆಯೂ ಗಮನಾರ್ಹವಾದುದು. ಸುಂಕದ ಆಜ್ಞೆಯನ್ನು ಒಂದೇ ಏಟಿಗೆ ರದ್ದುಮಾಡಿದರೆ ಮೂಲ ಶಾಸನದ ಇನ್ನೂ ಹೆಚ್ಚಿನ ಸುಂಕವೇ ತಲೆಯೆತ್ತುವ ತೊಡಕಿತ್ತು. ಆದುದರಿಂದ ಆರು ತಿಂಗಳೊಳಗೆ ಇಡೀ ವಿಷಯವನ್ನು ಮರಳಿ ಪರಿಶೀಲಿಸತಕ್ಕದ್ದೆಂದು ಸರಕಾರಕ್ಕೆ ವಿಧಿಸಿದರು. ಲೆಕ್ಕ ತಪ್ಪಿದ ಹುಡುಗನ ಪಾಟಿಯನ್ನು ಒಡೆಯದೆ, ಎಲ್ಲಿ ತಪ್ಪಿತೆಂದು ತೋರಿಸಿ ಮತ್ತೊಮ್ಮೆ ಮಾಡೆಂದು ಹಿಂದಕ್ಕೆ ಕೊಡುವ ಮೇಷ್ಟರ ರೀತಿಯಿದು.

1987ರ ಅಕ್ಟೋಬರಿನ ಇನ್ನೊಂದು ತೀರ್ಪು ಬಡವರಿಗೆ ಸಂಬಂಧಪಟ್ಟದ್ದು. ಅಂಚೆ ತಂತಿ ಇಲಾಖೆಯಲ್ಲಿ ವರ್ಷಗಟ್ಟಲೆ ದಿನಗೂಲಿಯ ಮೇಲೆ ದುಡಿಯುತ್ತಿದ್ದವರಿಗೆ, ಅದೇ ಕೆಲಸದ ಕಾಯಂ ನೌಕರರಿಗಿಂತ ಬಹಳ ಕಡಿಮೆ ಕೂಲಿ ಸಿಕ್ಕುತ್ತಿತ್ತು. ಅವರಿಗೆ ಕಾಯಂ ನೌಕರರ ಕನಿಷ್ಠ ವೇತನಕ್ಕೆ ಸಮನಾದ ಕೂಲಿಯನ್ನು ಕೊಡಬೇಕೆಂದೂ, ಒಂದು ವರ್ಷಕ್ಕೆ ಮೀರಿ ದುಡಿದವರನ್ನು ಕ್ರಮವಾಗಿ ಸೇರಿಸಿಕೊಳ್ಳಲು ಯೋಜನೆ ಮಾಡಬೇಕೆಂದೂ ಅವರು ಅಪ್ಪಣೆಯಿತ್ತರು. ಸರಕಾರವು ದೊಡ್ಡ ಯಜಮಾನ. ಕೂಲಿಯವನ ಒಪ್ಪಿಗೆಯು ಹೊಟ್ಟೆಯ ಬಲವಂತದಿಂದ ಬಂದ ಒಪ್ಪಿಗೆ. ಅದನ್ನು ಮುಂದಿಟ್ಟು ಯಜಮಾನನು ತನ್ನ ಕರ್ತವ್ಯವನ್ನು ತಪ್ಪಿಸಿಕೊಳ್ಳಲಾಗದು ಎಂಬುದು ಅಲ್ಲಿಯ ಪಾಠ.

ಆದರೆ ಅವರ ನ್ಯಾಯಬುದ್ಧಿಯೂ ಬೋಧನಬುದ್ಧಿಯೂ ಒಟ್ಟಿಗೆ ಕೂಡಿ ಕಾಣುವುದು ಗಂಗಾನದಿಯ ಮೊಕದ್ದಮೆಯಲ್ಲಿ. ಎಂ. ಸಿ. ಮೆಹ್ತಾ ಎಂಬ ವಕೀಲರು 1985ರಲ್ಲಿ ಸುಪ್ರೀಂ ಕೋರ್ಟಿಗೆ ಬಂದು, ಗಂಗೆಗೆ ಹೊಲಸು ಸೇರುವುದನ್ನು ತಡೆಯಬೇಕೆಂದು ಬೇಡಿದರು. ಅವರ ಮನೆ ಗಂಗೆಯ ದಡದಲ್ಲಿರಲಿಲ್ಲ, ಹೊಲವೂ ಅಲ್ಲಿರಲಿಲ್ಲ. ಹಳೆಯ ಆಂಗ್ಲ ನ್ಯಾಯದಂತೆ, ನದಿಯ ನೀರು ಕೆಟ್ಟಿತೆಂದು ದೂರುವ ಅಧಿಕಾರ ಮುಖ್ಯವಾಗಿ ದಡದ ಭೂಮಿಯನ್ನುಳ್ಳವನದು. ಹಾಗಾದರೆ ಈತನ ಮಾತನ್ನು ಕೇಳಬೇಕೆ? ಹರಿಯುವ ಹೊಳೆಯ ನೀರಿಗೆ ದೊಣ್ಣೆನಾಯಕನ ಅಪ್ಪಣೆಯೇಕೆ ಎಂದು ನಮ್ಮಲ್ಲಿ ಗಾದೆಯುಂಟು. ಕುಡಿಯಲು ಅಪ್ಪಣೆ ಬೇಡವಾದ ನೀರನ್ನು ಕಾಪಾಡಲು ಮಾತ್ರ ಅಪ್ಪಣೆ ಬೇಕೆಂದರೆ ಆದೀತೆ? ಗಂಗೆಯ ನೀರನ್ನು ಬಳಸುವ ಲಕ್ಷಾಂತರ ಜನರ ಪ್ರಾಣದ ವಿಷಯವಿದು. ಅವರ ಪರವಾಗಿ ಕೇಳುವುದಕ್ಕೆ ಈತನಿಗೆ ಅಧಿಕಾರವುಂಟು ಎಂದು ವೆಂಕಟರಾಮಯ್ಯನವರು ನಿರ್ಣಯಿಸಿದರು.

ಆ ಮೊಕದ್ದಮೆಯಲ್ಲಿ ಎರಡು ತೀರ್ಪುಗಳು ಬಂದುವು. ಮೊದಲನೆಯದು 1987ರ ಸೆಪ್ಟೆಂಬರಿನಲ್ಲಿ, ಕಾನ್ಪುರದ ಜಾಜ್‌ಮಾವಿನ ತೊಗಲು ಹದಮಾಡುವ ಕಾರಖಾನೆಗಳನ್ನು ಕುರಿತದ್ದು. ಹೊಲಸು ನೀರನ್ನು ಮೊದಲ ಹಂತಕ್ಕಾದರೂ ಶುದ್ಧಿಮಾಡುವ ಯಂತ್ರಗಳನ್ನು ಇಡಲೊಲ್ಲದ ಕಾರಖಾನೆಗಳು ಮುಚ್ಚತಕ್ಕದ್ದೆಂದು ಅಪ್ಪಣೆಯಾಯಿತು. ನಮಗೆ ಅಷ್ಟು ಹಣವಿಲ್ಲ ಎಂಬ ಉತ್ತರ ಬಂದಾಗ ನ್ಯಾಯಾಧಿಪತಿಗಳು ಒಂದು ಸರಳವಾದ ಹೋಲಿಕೆಯಿಂದ ಅದನ್ನು ಬಗೆಹರಿಸಿದರು: ಕೂಲಿಯವರಿಗೆ ಕನಿಷ್ಠ ವೇತನವನ್ನು ಕೊಡಲಾರದ ಉದ್ಯಮಕ್ಕೆ ನಡೆಯುವ ಹಕ್ಕಿಲ್ಲವಷ್ಟೆ, ತನ್ನ ಹೊಲಸನ್ನು ತಾನು ತೊಳೆಯಲಾರದ ಉದ್ಯಮಕ್ಕೂ ಹಾಗೆಯೇ.

ಎರಡನೆಯ ತೀರ್ಪು 1988ರ ಜನವರಿ 12ರದು. ಅದು ಕಾನ್ಪುರದ ನಗರಸಭೆಯನ್ನು ಕುರಿತದ್ದು. ಕಾರಖಾನೆಯವನನ್ನು ದೂರುವುದು ಸುಲಭ; ಊರಿಗೆ ಊರೇ ನದಿಗೆ ಕೊಳಚೆ ಬಿಡುತ್ತಿರುವಾಗ ಯಾರನ್ನು ದೂರಬೇಕು? ಆ ತೀರ್ಪು ಮೊದಲು ಶಾಸನಗಳನ್ನು ಒಂದೊಂದಾಗಿ ಬಿಚ್ಚಿ ಓದುತ್ತದೆ. ನಗರಸಭೆಯ ಶಾಸನದಲ್ಲಿ ಊರ ಕೊಳಚೆಯನ್ನು ಸಾಗಿಸುವ ಹೊಣೆ ಹೇಳಿದೆ. ಜಲಮಾಲಿನ್ಯವನ್ನು ತಡೆಯುವ 1974ರ ಶಾಸನವಿದೆ. ಪರಿಸರವನ್ನು ರಕ್ಷಿಸುವ 1986ರ ಶಾಸನವಿದೆ. ಶಾಸನಗಳಿಗೆ ಕೊರತೆಯಿಲ್ಲ, ಕೊರತೆಯಿರುವುದು ಅವುಗಳನ್ನು ನಡಸುವುದರಲ್ಲಿ. ಬಳಿಕ ಅಪ್ಪಣೆಗಳು: ಹಾಲಿನ ಕೊಟ್ಟಿಗೆಗಳ ಸಗಣಿಯನ್ನು ನದಿಗೆ ಬಿಡದಂತೆ ಏರ್ಪಾಡುಮಾಡುವುದು, ಕೊಳಚೆಯ ಕೊಳವೆಗಳನ್ನು ಹೆಚ್ಚಿಸುವುದು, ಬಡವರ ಉಪಯೋಗಕ್ಕೆ ಸಾಕಷ್ಟು ಶೌಚಗೃಹಗಳನ್ನು ಕಟ್ಟುವುದು, ಹೆಣಗಳನ್ನೂ ಅರೆಬೆಂದ ದೇಹಗಳನ್ನೂ ನದಿಗೆ ಎಸೆಯದಂತೆ ನೋಡಿಕೊಳ್ಳುವುದು, ಕೊಳೆಯನ್ನು ಶುದ್ಧಿಮಾಡುವ ಏರ್ಪಾಡಿಲ್ಲದ ಹೊಸ ಕಾರಖಾನೆಗೆ ಲೈಸೆನ್ಸು ಕೊಡದಿರುವುದು. ಇವು ಕಾನ್ಪುರಕ್ಕೆ ಮಾತ್ರವಲ್ಲ, ಗಂಗೆಯ ದಡದ ಎಲ್ಲ ಪಟ್ಟಣಗಳಿಗೂ ಅನ್ವಯಿಸತಕ್ಕವೆಂದು ಸಾರಿದರು.

ಇಷ್ಟರಲ್ಲಿಯೇ ನಿಲ್ಲಿಸಿದ್ದರೆ ಅದು ಒಳ್ಳೆಯ ತೀರ್ಪಾಗುತ್ತಿತ್ತು. ಅವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ದೇಶದ ಎಲ್ಲ ವಿದ್ಯಾಶಾಲೆಗಳಲ್ಲಿಯೂ ಮೊದಲ ಹತ್ತು ತರಗತಿಗಳಲ್ಲಿ ವಾರಕ್ಕೆ ಒಂದು ಗಂಟೆಯಾದರೂ ಕೆರೆ, ನದಿ, ಕಾಡು, ಜೀವಜಂತುಗಳ ರಕ್ಷಣೆಯನ್ನು ಕುರಿತು ಪಾಠ ಹೇಳಿಸಬೇಕೆಂದೂ, ಅದಕ್ಕೆ ಬೇಕಾದ ಪುಸ್ತಕಗಳನ್ನು ಬರೆಯಿಸಿ ಮಕ್ಕಳಿಗೆ ಉಚಿತವಾಗಿ ಹಂಚಬೇಕೆಂದೂ ಕೇಂದ್ರ ಸರಕಾರಕ್ಕೆ ಹೇಳಿದರು.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯುಂಟು. ನ್ಯಾಯಾಧಿಪತಿಗೆ ಪಾಠಪಟ್ಟಿಯ ಗೊಡವೆಯೇಕೆ? ಮಕ್ಕಳು ಏನನ್ನು ಕಲಿಯಬೇಕೆಂಬುದನ್ನು ಶಾಸನಸಭೆಯೂ ವಿದ್ಯಾ ಇಲಾಖೆಯೂ ನಿರ್ಧರಿಸಬೇಕಲ್ಲದೆ ಕೋರ್ಟು ನಿರ್ಧರಿಸಬಹುದೆ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಅಧಿಕಾರದ ಎಲ್ಲೆಗಳನ್ನು ಇತರರಿಗೆ ತೋರಿಸುವವನು ತನ್ನ ಎಲ್ಲೆಯನ್ನೂ ಅರಿತಿರಬೇಕು. ಆದರೆ ವೆಂಕಟರಾಮಯ್ಯನವರ ಪಕ್ಷದಲ್ಲಿಯೂ ಹೇಳಬೇಕಾದ ಮಾತುಂಟು. 1976ರಲ್ಲಿ ರಾಜ್ಯಾಂಗಕ್ಕೆ ಪ್ರಜೆಗಳ ಮೂಲಭೂತ ಕರ್ತವ್ಯಗಳನ್ನು ಸೇರಿಸಲಾಯಿತು. ಕಾಡು, ಕೆರೆ, ನದಿಗಳನ್ನು ಕಾಪಾಡುವುದು ಅವುಗಳಲ್ಲಿ ಒಂದು. ಒಂದು ಕರ್ತವ್ಯವನ್ನು ವಿಧಿಸಿ ಅದನ್ನು ಯಾರಿಗೂ ಕಲಿಸದೆ ಬಿಡುವುದು ನ್ಯಾಯವೆ? ತಿಳಿಸದೆ ದಂಡಿಸುವುದಕ್ಕಿಂತ ತಿಳಿಸಿ ನಡಸುವುದು ಮೇಲು. ಅವರ ಅಪ್ಪಣೆಯ ಹಿಂದಿದ್ದ ವಿಚಾರ ಇದು. 1991ರಲ್ಲಿಯೂ 2003ರಲ್ಲಿಯೂ ಸುಪ್ರೀಂ ಕೋರ್ಟು ಇದೇ ದಾರಿಯಲ್ಲಿ ಮುಂದುವರಿದು ಪರಿಸರದ ಪಾಠವನ್ನು ಕಡ್ಡಾಯವಾಗಿಸುವ ಅಪ್ಪಣೆಗಳನ್ನು ಹೊರಡಿಸಿತು. ಇಂದು ನಮ್ಮ ಮನೆಯ ಮಕ್ಕಳ ಚೀಲದಲ್ಲಿ ಪರಿಸರದ ಪುಸ್ತಕವಿದ್ದರೆ ಅದರ ಹಿಂದೆ ಮಂಡ್ಯದ ಸೀಮೆಯ ಈ ಹಿರಿಯರ ಕೈವಾಡವೂ ಇದೆಯೆಂದು ನೆನೆಯಬಹುದು.

ಈಗ ನಾಗರಭಾವಿಯ ವಿದ್ಯಾಲಯಕ್ಕೆ ಬರೋಣ. ನ್ಯಾಯಶಾಸ್ತ್ರದ ಓದು ನಮ್ಮಲ್ಲಿ ಬಹುಕಾಲ ಎರಡನೆಯ ದರ್ಜೆಯ ಓದಾಗಿತ್ತು. ಪದವಿ ಪಡೆದವರು ಬೇರೆ ಕೆಲಸ ನೋಡಿಕೊಳ್ಳುತ್ತ, ಬೆಳಗ್ಗೆಯೋ ಸಂಜೆಯೋ ತರಗತಿಗೆ ಹೋಗಿ, ಟಿಪ್ಪಣಿ ಉರುಹೊಡೆದು ಪರೀಕ್ಷೆ ಮುಗಿಸುವುದು ಸಾಮಾನ್ಯ. ಇದನ್ನು ತಿದ್ದಬೇಕೆಂಬ ಉದ್ದೇಶದಿಂದ ಭಾರತದ ವಕೀಲರ ಪರಿಷತ್ತು ಮುಂದೆ ಬಂದಿತು. ಕರ್ನಾಟಕದ ಶಾಸನಸಭೆ 1986ರಲ್ಲಿ ಕಾಯಿದೆಯನ್ನು ಮಾಡಿಕೊಟ್ಟಿತು. ಎನ್. ಆರ್. ಮಾಧವ ಮೆನನ್ ಎಂಬ ಪ್ರಾಧ್ಯಾಪಕರು ಮೊದಲ ನಿರ್ದೇಶಕರಾಗಿ 1988ರ ಜುಲೈಯಲ್ಲಿ ಸೆಂಟ್ರಲ್ ಕಾಲೇಜಿನ ಆವರಣದಲ್ಲಿ ತರಗತಿಗಳನ್ನು ಆರಂಭಿಸಿದರು. ಶಾಲೆ ಆಮೇಲೆ ನಾಗರಭಾವಿಗೆ ಬಂದಿತು. ದೇಶದ ಮುಖ್ಯ ನ್ಯಾಯಾಧಿಪತಿಗಳೇ ಇದರ ಕುಲಾಧಿಪತಿಗಳೆಂಬುದು ಒಂದು ವಿಶೇಷ. ಹೀಗಾಗಿ 1989ರಲ್ಲಿ, ಶಾಲೆಯಿನ್ನೂ ಎರಡನೆಯ ವರ್ಷದ ಕೂಸಾಗಿದ್ದಾಗ, ಆ ಸ್ಥಾನ ಪದವಿಯ ಬಲದಿಂದ ವೆಂಕಟರಾಮಯ್ಯನವರಿಗೆ ಬಂದಿತು.

ಆದರೆ ಕುಲಾಧಿಪತಿಯ ಸ್ಥಾನಕ್ಕಿಂತ ಹಿರಿದಾದ ಸಂಬಂಧ ಇನ್ನೊಂದಿದೆ. ಅಲ್ಲಿಯ ಪಾಠಕ್ರಮದಲ್ಲಿ ವಿದ್ಯಾರ್ಥಿಯು ತೀರ್ಪುಗಳನ್ನು ಮೂಲದಲ್ಲಿಯೇ ಓದಿಕೊಂಡು ತರಗತಿಗೆ ಬರಬೇಕು; ಸಂಗತಿಗಳೇನು, ಎತ್ತಿದ ಪ್ರಶ್ನೆಯೇನು, ಕೊಟ್ಟ ಕಾರಣವೇನು, ಆ ಕಾರಣ ನಿಲ್ಲುತ್ತದೆಯೆ ಎಂದು ವಾದಿಸಬೇಕು. ಅಣಕು ನ್ಯಾಯಾಲಯದಲ್ಲಿ ನಿಂತು ಎರಡು ಪಕ್ಷವನ್ನೂ ಹಿಡಿದು ಮಾತನಾಡಬೇಕು. ಬಡವರಿಗೆ ಕಾನೂನಿನ ನೆರವು ಕೊಡುವ ಕೇಂದ್ರದಲ್ಲಿ ನಿಜವಾದ ಕಷ್ಟಗಳನ್ನು ಕೇಳಬೇಕು. ಈ ಬಗೆಯ ಓದಿಗೆ ಪಠ್ಯಪುಸ್ತಕವೆಂದರೆ ತೀರ್ಪೇ. ಗಂಗೆಯ ತೀರ್ಪು, ಪತ್ರಿಕಾ ಕಾಗದದ ತೀರ್ಪು ಇವನ್ನು ಬಿಟ್ಟು ಭಾರತದ ರಾಜ್ಯಾಂಗವನ್ನೂ ಪರಿಸರ ನ್ಯಾಯವನ್ನೂ ಕಲಿಸುವುದು ಕಷ್ಟ. ಕಾಲೇಜಿನ ವೇದಿಕೆಯ ಮೇಲೆ ನಿಂತು ಹೇಳುವ ಪಾಠ ಆ ವರ್ಷದ ವಿದ್ಯಾರ್ಥಿಗಳಿಗೆ ಮಾತ್ರ ಕೇಳಿಸುತ್ತದೆ. ತೀರ್ಪಿನಲ್ಲಿ ಬರೆದ ಪಾಠ ಮುಂದಿನ ತಲೆಮಾರುಗಳಿಗೂ ಕೇಳಿಸುತ್ತದೆ.

ಉಪಾಧ್ಯಾಯನಾದವನಿಗೆ ಇನ್ನೊಂದು ಧೈರ್ಯ ಬೇಕು. ತನ್ನ ಮನೆಯ ಕಸವನ್ನೂ ತೋರಿಸುವ ಧೈರ್ಯ. ನಿವೃತ್ತಿಯ ಹೊಸ್ತಿಲಲ್ಲಿ ವೆಂಕಟರಾಮಯ್ಯನವರು ಪತ್ರಿಕೋದ್ಯಮಿ ಕುಲದೀಪ ನಯ್ಯರರೊಡನೆ ಮಾತನಾಡುತ್ತ, ನ್ಯಾಯಾಂಗದ ಮಟ್ಟ ಕುಸಿಯುತ್ತಿದೆಯೆಂದೂ, ಔತಣಗಳಿಗೂ ಕಾಣಿಕೆಗಳಿಗೂ ಮನಸೋಲುವವರು ಪೀಠಕ್ಕೆ ಬರುತ್ತಿದ್ದಾರೆಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ಮಾತು ಪ್ರಕಟವಾದೊಡನೆ ಕೋಲಾಹಲವೆದ್ದಿತು. ನ್ಯಾಯಾಲಯದ ನಿಂದನೆಯಾಯಿತೆಂದು ಮಾಜಿ ಮುಖ್ಯ ನ್ಯಾಯಾಧಿಪತಿಗಳ ಮೇಲೆಯೇ ಮುಂಬಯಿ ಹೈಕೋರ್ಟಿನ ನಾಗಪುರ ಪೀಠದಲ್ಲಿ ಅರ್ಜಿ ಬಿದ್ದಿತು. ಪೀಠವು 1990ರಲ್ಲಿ ಅದನ್ನು ತಳ್ಳಿಹಾಕಿತು. ಸಂಸ್ಥೆಯ ಹಿತವನ್ನು ಬಯಸಿ ಆಡಿದ ಕಠಿಣವಾದ ಮಾತಿಗೂ ಅದನ್ನು ಕೆಡಿಸಲು ಆಡಿದ ಮಾತಿಗೂ ಅಂತರವುಂಟೆಂಬುದನ್ನು ಈ ಪ್ರಸಂಗ ತೋರಿಸುತ್ತದೆ. ಪತ್ರಿಕೆಗಳ ಸ್ವಾತಂತ್ರ್ಯವನ್ನು ಎತ್ತಿಹಿಡಿದಿದ್ದವರು ಆ ಸ್ವಾತಂತ್ರ್ಯವನ್ನು ತಮ್ಮ ಪೀಠದ ವಿಷಯದಲ್ಲಿಯೇ ಬಳಸಿದರು.

ಅವರು 1997ರಲ್ಲಿ ತೀರಿಕೊಂಡರು. ಅವರ ಮಗಳು ಬಿ. ವಿ. ನಾಗರತ್ನ ಅವರು 2008ರಲ್ಲಿ ಕರ್ನಾಟಕದ ಹೈಕೋರ್ಟಿಗೂ, 2021ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟಿಗೂ ನ್ಯಾಯಾಧಿಪತಿಗಳಾಗಿ ಬಂದರು. 2023ರ ಜನವರ 2ರಂದು ನೋಟು ರದ್ದತಿಯ ಮೊಕದ್ದಮೆಯಲ್ಲಿ ನಾಲ್ವರು ಒಂದು ಕಡೆಯಾದಾಗ, ಅವರೊಬ್ಬರೇ ಬೇರೆಯಾಗಿ ನಿಂತು ತಮ್ಮ ಕಾರಣಗಳನ್ನು ಬರೆದರು. ಸೋತ ಅಭಿಪ್ರಾಯವನ್ನೂ ಬರೆದಿಡುವುದು ಏಕೆಂದರೆ, ನಾಳೆಯ ಓದುಗನಿಗೆ ಅದೂ ಒಂದು ಪಾಠ.

ಮರಳಿ ನಾಯಂಡಹಳ್ಳಿಗೆ ಬರೋಣ. ಗಂಗೆಯ ತೀರ್ಪು ಬಂದು ಮೂರೂವರೆ ದಶಕಗಳಿಗೂ ಹೆಚ್ಚು ಕಾಲವಾಯಿತು. ನಾಯಂಡಹಳ್ಳಿಯ ಬಳಿ ಕೊಳಚೆಯನ್ನು ಶುದ್ಧಿಮಾಡುವ ದೊಡ್ಡ ಸ್ಥಾವರವುಂಟು; ಶಾಸನಗಳುಂಟು; ಮಂಡಲಿಗಳುಂಟು. ಆದರೂ ವೃಷಭಾವತಿ ಶುದ್ಧವಾಗಿಲ್ಲ. ನಮ್ಮ ಬಚ್ಚಲುಗಳ ನೀರೂ ಕಾರಖಾನೆಗಳ ನೀರೂ ಅದರಲ್ಲಿ ಕೂಡಿ ಬೈರಮಂಗಲದ ಕೆರೆಗೆ ಹೋಗಿ, ಅಲ್ಲಿಂದ ಅರ್ಕಾವತಿಗೆ, ಅರ್ಕಾವತಿಯಿಂದ ಕಾವೇರಿಗೆ ಸೇರುತ್ತದೆ. ನಾವು ಕಾವೇರಿಯ ನೀರನ್ನು ಕೊಳವೆಯಲ್ಲಿ ಬೆಂಗಳೂರಿಗೆ ತರಿಸಿಕೊಂಡು, ಬಳಸಿ, ಕೆಡಿಸಿ, ಅದೇ ಕಾವೇರಿಗೆ ಹಿಂದಕ್ಕೆ ಕಳುಹಿಸುತ್ತಿದ್ದೇವೆ. ಕೆಳಗಿನ ಊರುಗಳ ರೈತರು ಈ ನೀರಿನಲ್ಲಿಯೇ ಬೆಳೆ ತೆಗೆಯುತ್ತಾರೆ. ಆ ಬೆಳೆ ನಮ್ಮ ಸಂತೆಗೇ ಬರುತ್ತದೆ.

ಹಾಗಾದರೆ ತೀರ್ಪು ವ್ಯರ್ಥವಾಯಿತೆ? ಹಾಗೆನ್ನಲಾಗದು. ಹೊಲಸು ಬಿಡುವವನು ಇಂದು ಅದು ತನ್ನ ಹಕ್ಕೆಂದು ಹೇಳಲಾರ; ದಡದಲ್ಲಿ ಮನೆಯಿಲ್ಲದವನೂ ಹೊಳೆಗಾಗಿ ದೂರಬಲ್ಲ. ಅದು ಸಣ್ಣ ಲಾಭವಲ್ಲ. ಆದರೆ ಪಾಠ ಹೇಳಬೇಕೆಂದು ನ್ಯಾಯಾಧಿಪತಿಯು ಅಪ್ಪಣೆ ಮಾಡಬಲ್ಲನೇ ಹೊರತು ಕಲಿತೇ ತೀರಬೇಕೆಂದು ಅಪ್ಪಣೆ ಮಾಡಲಾರನು. 1988ರಲ್ಲಿ ವಾರದ ಆ ಒಂದು ಗಂಟೆಯ ಪಾಠಕ್ಕೆ ಅರ್ಹರಾಗಿದ್ದ ಮಕ್ಕಳೆಲ್ಲರೂ ಈಗ ನಡುವಯಸ್ಸಿನ ಗೃಹಸ್ಥರು. ಮನೆ ಕಟ್ಟುವವರು, ಕಾರಖಾನೆ ನಡಸುವವರು, ನಗರಸಭೆಗೆ ಮತ ಹಾಕುವವರು ಅವರೇ. ಪರೀಕ್ಷೆ ಬಂದಿರುವುದು ಅವರಿಗೆ, ಎಂದರೆ ನಮಗೆ. ಮೈಸೂರು ರಸ್ತೆಯಲ್ಲಿ ನಾಯಂಡಹಳ್ಳಿಯನ್ನು ದಾಟುವಾಗ ಗಾಡಿಯ ಕಿಟಕಿಯನ್ನು ಏರಿಸಿ ಮೂಗು ಮುಚ್ಚಿಕೊಳ್ಳುವ ಮೊದಲು ಇಷ್ಟನ್ನು ನೆನೆದರೆ, ಆ ಹಿರಿಯರ ಪಾಠದಲ್ಲಿ ಒಂದಕ್ಷರವಾದರೂ ನಮಗೆ ಬಂದಿತೆನ್ನಬಹುದು.